ಇಂಗ್ಲಿಷ್ ಬೈಬಲ್: ಹಲವು ಅನುವಾದಗಳಲ್ಲಿ ಒಂದನ್ನು ಆರಿಸುವುದು

ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿಯೊಬ್ಬ ದಾರಿಯಲ್ಲಿ ನೀರು ಕಂಡು ದೀಕ್ಷಾಸ್ನಾನ ಕೇಳುತ್ತಾನೆ. ಇದನ್ನು 'ನ್ಯೂ ಇಂಟರ್‌ನ್ಯಾಷನಲ್ ವರ್ಷನ್' (ಎನ್‌ಐವಿ) ಬೈಬಲಿನಲ್ಲಿ ಓದುವವರಿಗೆ 36ನೆಯ ವಚನ ಮುಗಿದೊಡನೆ ಸಿಗುವುದು 38. ಇದು ಅಚ್ಚಿನ ತಪ್ಪಲ್ಲ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ 37ನೆಯ ವಚನವಾಗಿರುವ ಅಧಿಕಾರಿಯ ವಿಶ್ವಾಸದ ಅರಿಕೆ ಅತಿ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ. ಹಾಗಾಗಿ ಹೊಸ ಅನುವಾದಕರು ಅದನ್ನು ಅಡಿಟಿಪ್ಪಣಿಗೆ ಇಳಿಸಿದ್ದಾರೆ. ಇಂಗ್ಲಿಷ್ ಬೈಬಲ್ ಕೊಳ್ಳಲು ಹೊರಟವರು ರಟ್ಟಿನ ಚಂದಕ್ಕಿಂತ ಮೊದಲು ನೋಡಬೇಕಾದದ್ದು ಇಂಥ ಅಡಿಟಿಪ್ಪಣಿಗಳನ್ನೇ.

ಅನುವಾದಗಳ ನಡುವಿನ ಮೊದಲ ವ್ಯತ್ಯಾಸ ಇಂಗ್ಲಿಷಿಗೆ ಸಂಬಂಧಿಸಿದ್ದೇ ಅಲ್ಲ, ಅದು ಮೂಲಪಾಠದ್ದು. ಒಂದನೆಯ ಜೇಮ್ಸ್ ದೊರೆ 1604ರಲ್ಲಿ ಅಪ್ಪಣೆ ಕೊಟ್ಟಾಗ ವಿದ್ವಾಂಸರ ಕೈಯಲ್ಲಿದ್ದದ್ದು 16ನೆಯ ಶತಮಾನದಲ್ಲಿ ಅಚ್ಚಾದ ಗ್ರೀಕ್ ಹೊಸ ಒಡಂಬಡಿಕೆ. ಎರಾಸ್ಮಸ್ 1516ರಲ್ಲಿ ಆರಂಭಿಸಿದ ಆ ಪರಂಪರೆ ನಿಂತಿದ್ದದ್ದು ಈಚಿನ ಕಾಲದ ಕೆಲವೇ ಪ್ರತಿಗಳ ಮೇಲೆ. 19ನೆಯ ಶತಮಾನದಲ್ಲಿ ಸೀನಾಯಿಯ ಸಂತ ಕ್ಯಾಥರೀನ್ ಮಠದಿಂದ ನಾಲ್ಕನೆಯ ಶತಮಾನದ ಹಸ್ತಪ್ರತಿಯೊಂದು ಬೆಳಕಿಗೆ ಬಂತು. 1947ರಿಂದಾಚೆಗೆ ಮೃತ ಸಮುದ್ರದ ಬಳಿಯ ಗುಹೆಗಳಲ್ಲಿ ಹಳೆಯ ಒಡಂಬಡಿಕೆಯ ಸುರುಳಿಗಳು ಸಿಕ್ಕವು. ಇವುಗಳ ಪರಿಣಾಮ ಗೊಲ್ಯಾತನ ಎತ್ತರವನ್ನೂ ಬಿಟ್ಟಿಲ್ಲ. ಸಾಂಪ್ರದಾಯಿಕ ಹೀಬ್ರೂ ಪಾಠದಲ್ಲಿ ಅವನು ಆರು ಮೊಳ ಒಂದು ಗೇಣು, ಅಂದರೆ ಒಂಬತ್ತೂವರೆ ಅಡಿಗೂ ಮೀರಿದವನು. ಮೃತ ಸಮುದ್ರದ ಸುರುಳಿಯಲ್ಲಿ ನಾಲ್ಕು ಮೊಳ ಒಂದು ಗೇಣು, ಏಳಡಿಗೂ ತುಸು ಕಡಿಮೆ. 'ಇಂಗ್ಲಿಷ್ ಸ್ಟ್ಯಾಂಡರ್ಡ್ ವರ್ಷನ್' (ಇಎಸ್‌ವಿ) ಆರು ಮೊಳವನ್ನು ಪಾಠದಲ್ಲಿ ಉಳಿಸಿಕೊಂಡು ನಾಲ್ಕನ್ನು ಅಡಿಟಿಪ್ಪಣಿಗೆ ಹಾಕುತ್ತದೆ. 'ನೆಟ್ ಬೈಬಲ್' ಸುಮಾರು ಏಳಡಿಯ ಆಳನ್ನೇ ದಾವೀದನ ಎದುರು ನಿಲ್ಲಿಸುತ್ತದೆ. ಹಳೆಯ ಪಾಠವೇ ಬೇಕು, ಭಾಷೆ ಮಾತ್ರ ಹೊಸದಾಗಿರಲಿ ಎನ್ನುವವರಿಗಾಗಿ 1982ರ 'ನ್ಯೂ ಕಿಂಗ್ ಜೇಮ್ಸ್' ಇದೆ. ಅದರಲ್ಲಿ ಆ 37ನೆಯ ವಚನ ತನ್ನ ಜಾಗದಲ್ಲೇ ಕೂತಿದೆ.

ಎರಡನೆಯ ವ್ಯತ್ಯಾಸ ಅನುವಾದದ ಪದ್ಧತಿಯದು. ಶಬ್ದಕ್ಕೆ ಶಬ್ದ ಹಿಡಿದು ಹೋಗುವ ಸಾಲಿನಲ್ಲಿ 1971ರ 'ನ್ಯೂ ಅಮೆರಿಕನ್ ಸ್ಟ್ಯಾಂಡರ್ಡ್' ಮತ್ತು 2001ರ ಇಎಸ್‌ವಿ ಇವೆ. ಭಾಷಾವಿಜ್ಞಾನಿ ಯೂಜಿನ್ ನೈಡಾ ಪ್ರತಿಪಾದಿಸಿದ ಭಾವಕ್ಕೆ ಭಾವ ಎಂಬ ತತ್ತ್ವದಲ್ಲಿ ಹುಟ್ಟಿದ್ದು 1976ರಲ್ಲಿ ಪೂರ್ಣಗೊಂಡ 'ಗುಡ್ ನ್ಯೂಸ್ ಬೈಬಲ್'. ಆನೀ ವ್ಯಾಲಟನ್ ಅವರ ನಾಲ್ಕೇ ಗೆರೆಯ ಚಿತ್ರಗಳಿಂದಾಗಿ ಅದು ಶಾಲಾಮಕ್ಕಳಿಗೂ ಪರಿಚಿತ. 1978ರಲ್ಲಿ ಪೂರ್ಣವಾಗಿ ಬಂದ ಎನ್‌ಐವಿ ಇವೆರಡರ ನಡುದಾರಿ ಹಿಡಿಯಿತು. ಯೂಜಿನ್ ಪೀಟರ್‌ಸನ್ ಅವರ 'ದ ಮೆಸೇಜ್' ಇನ್ನೂ ಮುಂದಕ್ಕೆ ಹೋಗಿ ಬೀದಿಯ ಅಮೆರಿಕನ್ ಮಾತಿನಲ್ಲಿ ಕಥೆ ಹೇಳುತ್ತದೆ. ಓದಲು ಲವಲವಿಕೆಯದು, ಆದರೆ ಅದನ್ನು ಮುಂದಿಟ್ಟುಕೊಂಡು ಪೌಲನ ಒಂದು ಶಬ್ದದ ಬಗ್ಗೆ ವಾದಕ್ಕೆ ಇಳಿಯುವಂತಿಲ್ಲ.

ಪದ್ಧತಿಯ ವಿಷಯದಲ್ಲಿ ಕನ್ನಡದ ಓದುಗರಿಗೆ ಇಂಗ್ಲಿಷರಿಗಿಲ್ಲದ ಒಂದು ಅನುಕೂಲವಿದೆ. ಕರುಣೆ, ಮಮತೆಗೆ ಪೌಲ ಬಳಸುವ ಗ್ರೀಕ್ ಪದದ ನೇರ ಅರ್ಥ ಕರುಳು. ಕಿಂಗ್ ಜೇಮ್ಸ್ ಬೈಬಲ್ ಅದನ್ನು 'ಬವೆಲ್ಸ್' ಎಂದೇ ಇಟ್ಟಿತು. ಇಂದಿನ ಇಂಗ್ಲಿಷ್ ಕಿವಿಗೆ ಅದು ಹೊಟ್ಟೆನೋವಿನ ಮಾತು, ಆದ್ದರಿಂದ ಹೊಸ ಅನುವಾದಗಳೆಲ್ಲ 'ಕಂಪ್ಯಾಷನ್'ನಂಥ ಪದಗಳಿಗೆ ಹೊರಳಿದವು. 'ಹೆತ್ತ ಕರುಳು' ಎನ್ನುವವರಿಗೆ ಹಳೆಯ ಪದವೇ ಹತ್ತಿರ. ಇನ್ನೊಂದು ಉದಾಹರಣೆ ಲೂಕನ 22ನೆಯ ಅಧ್ಯಾಯದ್ದು. ಯೇಸು ಸೀಮೋನನನ್ನು ಕರೆದು, ಸೈತಾನ ಶಿಷ್ಯರನ್ನು ಗೋಧಿಯಂತೆ ಜರಡಿ ಹಿಡಿಯಲು ಬಯಸಿದ್ದಾನೆ ಎನ್ನುವಾಗ ಗ್ರೀಕಿನಲ್ಲಿರುವುದು 'ನಿಮ್ಮನ್ನು'. ಮರುವಾಕ್ಯದಲ್ಲಿ ಪ್ರಾರ್ಥಿಸಿದ್ದು ಮಾತ್ರ 'ನಿನಗಾಗಿ'. ಕಿಂಗ್ ಜೇಮ್ಸ್ ಕಾಲದ ಇಂಗ್ಲಿಷಿಗೆ ಈ ಭೇದ ಗೊತ್ತಿತ್ತು. ಎರಡಕ್ಕೂ ಒಂದೇ 'ಯು' ಇರುವ ಇಂದಿನ ಇಂಗ್ಲಿಷಿನಲ್ಲಿ ಸೀಮೋನನೊಬ್ಬನೇ ಜರಡಿಗೆ ಬಿದ್ದಂತೆ ಕೇಳಿಸುತ್ತದೆ. ಎನ್‌ಐವಿ 'ನಿಮ್ಮೆಲ್ಲರನ್ನು' ಎಂಬರ್ಥದ ಪದ ಸೇರಿಸಿ ಇದನ್ನು ಸರಿಪಡಿಸಿತು; ಇಎಸ್‌ವಿ ಟಿಪ್ಪಣಿ ಕೊಟ್ಟು ಸುಮ್ಮನಾಯಿತು.

ಹಾಗೆಂದು ಕಿಂಗ್ ಜೇಮ್ಸ್ ಭಾಷೆಯನ್ನೇ ನೆಚ್ಚಿಕೊಳ್ಳುವುದು ಕಷ್ಟ. ಅದರಲ್ಲಿ 'ಲೆಟ್' ಎಂದರೆ ಒಂದೆಡೆ ತಡೆಯುವುದು, 'ಪ್ರಿವೆಂಟ್' ಎಂದರೆ ಮುಂದಾಗಿ ಹೋಗುವುದು. ಇಂದಿನವರು ಕಾಡುಕೋಣ ಎಂದು ತಿಳಿಯುವ ಹೀಬ್ರೂ ಪ್ರಾಣಿ ಅಲ್ಲಿ ಒಂಟಿಕೊಂಬಿನ 'ಯೂನಿಕಾರ್ನ್' ಆಗಿ ಒಂಬತ್ತು ಸಲ ಬಂದುಹೋಗುತ್ತದೆ.

ಜಗಳ ಹೊತ್ತಿದ್ದು ಇಂಥ ಪ್ರಾಣಿಗಳಿಗಾಗಿ ಅಲ್ಲ. 1952ರಲ್ಲಿ ಪೂರ್ಣಗೊಂಡ 'ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್' ಯೆಶಾಯ 7:14ರ ಹೀಬ್ರೂ ಪದಕ್ಕೆ 'ಕನ್ಯೆ' ಎನ್ನದೆ 'ಯುವತಿ' ಎಂದಿತು. ಹೀಬ್ರೂವಿನ ಅರ್ಥ ಅದೇ. ಹಳೆಯ ಗ್ರೀಕ್ ಅನುವಾದದಲ್ಲಿ ಕನ್ಯೆ ಎಂದಿದ್ದು, ಮತ್ತಾಯ ಅದನ್ನೇ ಎತ್ತಿಕೊಂಡಿದ್ದಾನೆ. ಉತ್ತರ ಕೆರೊಲಿನಾದ ಪಾದ್ರಿಯೊಬ್ಬರು ಆ ಹಾಳೆಯನ್ನೇ ಸುಟ್ಟರು. ಮುಂದೆ ಕಲಹ ಲಿಂಗಸೂಚಕ ಪದಗಳಿಗೆ ಹೊರಳಿತು. ಸಭೆಯವರನ್ನು 'ಸಹೋದರರೇ' ಎಂದು ಕರೆಯುವ ಪತ್ರಗಳಲ್ಲಿ 1989ರ 'ನ್ಯೂ ರಿವೈಸ್ಡ್ ಸ್ಟ್ಯಾಂಡರ್ಡ್' ಮತ್ತು 2011ರ ಎನ್‌ಐವಿ ಸಹೋದರಿಯರನ್ನೂ ಸೇರಿಸಿದವು. ಇಎಸ್‌ವಿ ಅದನ್ನು ಅಡಿಟಿಪ್ಪಣಿಗೆ ಬಿಟ್ಟಿತು. ಅನುವಾದಕರ ದೇವತಾಶಾಸ್ತ್ರ ಎತ್ತ ವಾಲಿದೆ ಎಂದು ಅಂಗಡಿಯಲ್ಲಿ ನಿಂತಲ್ಲೇ ತಿಳಿಯಲು ಈ ಎರಡು ಜಾಗ ತೆರೆದು ನೋಡಿದರೆ ಸಾಕು.

ಸಭೆಯ ಲೆಕ್ಕ ಬೇರೆ. ಪ್ರೊಟೆಸ್ಟಂಟರ ಬೈಬಲಿನಲ್ಲಿ 66 ಪುಸ್ತಕ, ಕಥೋಲಿಕರದರಲ್ಲಿ 73. ತೋಬಿತ, ಯೂದಿತ ಮೊದಲಾದವು ಇಲ್ಲದ ಪ್ರತಿ ಕಥೋಲಿಕ ಓದುಗರಿಗೆ ಅಪೂರ್ಣ. ಭಾರತದ ಕಥೋಲಿಕ ಚರ್ಚುಗಳಲ್ಲಿ ಇಂಗ್ಲಿಷ್ ಪೂಜೆಗೆ ಬಹುಕಾಲ ಬಳಕೆಯಲ್ಲಿದ್ದದ್ದು 1966ರ 'ಜೆರೂಸಲೇಮ್ ಬೈಬಲ್' ಪಾಠ. ಆ ಬೈಬಲಿನ ಯೋನನ ಕಥೆಯಲ್ಲಿ ಕಾದಂಬರಿಕಾರ ಜೆ.ಆರ್.ಆರ್. ಟೋಲ್ಕೀನ್ ಅವರ ಕೈಯಿದೆ. ಈಗ ಆ ಜಾಗಕ್ಕೆ ಬಂದಿರುವುದು ಅಮೆರಿಕದ ಪ್ರೊಟೆಸ್ಟಂಟರು ರೂಪಿಸಿದ ಇಎಸ್‌ವಿಯ ಕಥೋಲಿಕ ಆವೃತ್ತಿ. ಭಾರತದ ಬಿಷಪರ ಒಪ್ಪಿಗೆಯೊಂದಿಗೆ 2018ರಲ್ಲಿ ಅದನ್ನು ಪ್ರಕಟಿಸಿದ್ದು ಬೆಂಗಳೂರಿನ ಏಷ್ಯನ್ ಟ್ರೇಡಿಂಗ್ ಕಾರ್ಪೊರೇಷನ್. 2020ರಿಂದ ಪೂಜೆಯ ವಾಚನಗಳು ಅದರಿಂದಲೇ. ಅಮೆರಿಕದಲ್ಲಿ ಅದು ಸಿಕ್ಕಿದ್ದು 2019ರಲ್ಲಿ.

ಹೆಸರೊಂದೇ ನೋಡಿ ಕೊಂಡರೂ ಮೋಸಹೋಗಬಹುದು, ಇಸವಿ ನೋಡಬೇಕು. ಪೌಲನ ಪತ್ರಗಳಲ್ಲಿ 'ಮಾಂಸ' ಎಂಬರ್ಥದ ಗ್ರೀಕ್ ಪದಕ್ಕೆ 1984ರ ಎನ್‌ಐವಿ ಹಲವೆಡೆ 'ಪಾಪಸ್ವಭಾವ' ಎಂದು ಬರೆದಿತ್ತು. 2011ರ ಎನ್‌ಐವಿ ಹೆಚ್ಚಿನ ಕಡೆ 'ಮಾಂಸ'ಕ್ಕೇ ಮರಳಿತು. ಇಎಸ್‌ವಿಯ ಪ್ರಕಾಶಕರು 2016ರ ಆಗಸ್ಟಿನಲ್ಲಿ ಇನ್ನು ಈ ಪಾಠ ಶಾಶ್ವತ, ಬದಲಾಗದು ಎಂದು ಸಾರಿ, ಮರುತಿಂಗಳೇ ಆ ಮಾತನ್ನು ಹಿಂದಕ್ಕೆ ಪಡೆದರು. 1984ರ ಎನ್‌ಐವಿ ಈಗ ಅಚ್ಚಾಗುವುದಿಲ್ಲ. ಅದೇ ಬೇಕೆನ್ನುವವರು ಹಳೆ ಪುಸ್ತಕದ ಅಂಗಡಿಗಳಲ್ಲಿ ಶೀರ್ಷಿಕೆಪುಟದ ಹಿಂಬದಿ ತಿರುವಿ ಹಕ್ಕುಸ್ವಾಮ್ಯದ ಸಾಲಿನಲ್ಲಿ ಇಸವಿ ಹುಡುಕುತ್ತಾರೆ.