ಊರ ಕರಿ ಹಂದಿಯ ಲೆಕ್ಕ ಯಾರ ಖಾತೆಯಲ್ಲೈತಿ?

ಇವತ್ತಿನ ಕಂತು ಹಂದಿ ಬಗ್ಗೆ. ನಗಬ್ಯಾಡ್ರಿ, ಪೂರಾ ಕೇಳ್ರಿ.

ನಮ್ಮ ಮೋರಟಗಿ, ಸಿಂದಗಿ, ಇಂಡಿ ಕಡೆ ಕರಿ ಹಂದಿ ನೋಡದವರು ಯಾರೂ ಇಲ್ಲ. ದನ ಅಂದ್ರ ಖಿಲಾರಿ, ಕೃಷ್ಣಾ ಕಣಿವೆ ಅಂತ ತಳಿ ಹೆಸರು ಹೇಳ್ತೀವಿ. ನಾಯಿ ಅಂದ್ರ ಮುಧೋಳ. ಹಂದಿ ಅಂದ್ರ ಬರೀ ಹಂದಿ. ಯಾಕ ಹಿಂಗ?

ಹಂದಿಗೆ ನಮ್ಮಲ್ಲಿ ಯಾವತ್ತೂ ಮಾನ ಇರಲಿಲ್ಲ ಅನ್ನೋದು ಸುಳ್ಳು. ಬಾದಾಮಿ ಚಾಲುಕ್ಯರ ಲಾಂಛನ ವರಾಹ. ಕ್ರಿ.ಶ. 578ರ ಬಾದಾಮಿಯ ಮೂರನೇ ಗುಹೆಯಲ್ಲಿ ಭೂದೇವಿಯನ್ನು ಎತ್ತಿದ ವರಾಹ ಈಗಲೂ ನಿಂತಿದ್ದಾನೆ. ವಿಜಯನಗರದ ಚಿನ್ನದ ನಾಣ್ಯದ ಹೆಸರೇ ವರಹ. ಕಲ್ಲಿಗೂ ಬಂಗಾರಕ್ಕೂ ಏರಿದ ಹಂದಿ, ಸಾಕಿದವರ ಓಣಿಯಲ್ಲಿ ಮಾತ್ರ ಹೆಸರಿಲ್ಲದೆ ಉಳೀತು.

ಇದನ್ನ ಇಂಗ್ಲೆಂಡಿನ ಕಥಿ ಜೋಡಿ ಹೋಲಿಸಿ ನೋಡ್ರಿ. ಇವತ್ತು ಜಗತ್ತಿನ ಫಾರ್ಮ್‌ಗಳಲ್ಲಿ ಕಾಣೋ ಬಿಳಿ ಹಂದಿ ಲಾರ್ಜ್ ವೈಟ್ ಯಾರ್ಕ್‌ಶೈರ್. 1851ರಲ್ಲಿ ವಿಂಡ್ಸರ್ ಪ್ರದರ್ಶನಕ್ಕೆ ಅಂಥ ಹಂದಿ ತಂದು ಹೆಸರು ಮಾಡಿದವನು ಜೋಸೆಫ್ ಟ್ಯೂಲಿ ಅನ್ನೋ ನೇಕಾರ. ಅಂದ್ರ ಅದೂ ದುಡಿದು ತಿನ್ನೋರ ಹಂದಿನೇ. 1884ರಲ್ಲಿ ಅಲ್ಲಿ ಹಂದಿ ಸಾಕಣೆದಾರರ ಸಂಘ ಹುಟ್ಟಿತು, ಯಾವ ಹಂದಿ ಯಾವುದರ ಮರಿ ಅಂತ ವಂಶಾವಳಿ ಬರೆಯೋದು ನಡೀತು.

ಅದೇ ಕಾಲಕ್ಕ ನಮ್ಮಲ್ಲಿ ಏನು ಬರೆದರು? 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು, 1911ರಲ್ಲಿ ಅದನ್ನ ಇನ್ನೂ ಬಿಗಿ ಮಾಡಿದರು. ಬುಟ್ಟಿ ಹೆಣೆದು, ಹಂದಿ ಸಾಕಿ ಬದುಕುತ್ತಿದ್ದ ಕೊರವ, ಕೊರಚರಂಥ ಸಮುದಾಯಗಳು ಹುಟ್ಟಿನಿಂದಲೇ ಅಪರಾಧಿಗಳು ಅನ್ನೋ ಪಟ್ಟಿಗೆ ಸೇರಿದವು. ವಿಜಾಪುರ, ಹುಬ್ಬಳ್ಳಿ, ಗದಗಿನಲ್ಲಿ ಇಂಥ ಪಟ್ಟಿಯ ಜನರಿಗಾಗಿ ಸೆಟ್ಲಮೆಂಟ್‌ಗಳಿದ್ದವು. ಕಾಯ್ದೆ ರದ್ದಾಗಿದ್ದು 1952ರಲ್ಲಿ. ಹಂದಿ ಸಾಕಿದವರ ಹೆಸರು ಪೊಲೀಸ್ ರಿಜಿಸ್ಟರ್‌ನಲ್ಲಿ ಬಂತು. ಅವರು ಸಾಕಿದ ಹಂದಿಯ ಹೆಸರು ಯಾವ ರಿಜಿಸ್ಟರ್‌ನಲ್ಲೂ ಬರಲಿಲ್ಲ.

ನಾನು ಬಿ.ಕಾಂ. ಓದಿದವ. ನಮ್ಮ ಪಾಠದಲ್ಲಿ, ಖಾತೆಗೆ ಬರೆಯದ ಆಸ್ತಿ ಕಳೆದುಹೋದರೆ ನಷ್ಟವೂ ಕಾಣೋದಿಲ್ಲ. ಇಲ್ಲಿ ಆಗ್ತಿರೋದು ಅದೇ. 2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಹಂದಿಗಳು ಸುಮಾರು 90.6 ಲಕ್ಷ, 2012ಕ್ಕಿಂತ ಶೇ. 12ರಷ್ಟು ಕಡಿಮೆ. ಇದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಬರೋದು 'ದೇಸಿ ಅಥವಾ ನಾನ್‌ಡಿಸ್ಕ್ರಿಪ್ಟ್' ಅನ್ನೋ ಕಾಲಮ್ಮಿನಲ್ಲಿ. ನಾನ್‌ಡಿಸ್ಕ್ರಿಪ್ಟ್ ಅಂದ್ರ ಗುಣ ಇಲ್ಲ ಅಂತಲ್ಲ, ಅದರ ಗುಣ ಇನ್ನೂ ಯಾರೂ ಬರೆದಿಟ್ಟಿಲ್ಲ ಅಂತ.

ಬರೆದಿಡೋ ಕೆಲಸ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದ್ದು. ಅದರ ಪಟ್ಟಿಯಲ್ಲಿ ಬಂಗಾಳದ ಘುಂಗ್ರೂ ಐತಿ, ನಾಗಾಲ್ಯಾಂಡಿನ ತೆನ್ಯಿ ವೊ ಐತಿ, ಪಕ್ಕದ ಗೋವಾದ ಅಗೊಂಡಾ ಗೋವನ್ ಕೂಡ ಐತಿ. ಕರ್ನಾಟಕದ ಹಂದಿ ಇಲ್ಲ.

ಇಲ್ಲದಿದ್ದರೆ ಏನಾತು ಅಂತೀರಾ? ಬಿಳಿ ಹಂದಿ ಬೇಗ ಬೆಳೀತದ, ಹೆಚ್ಚು ಮರಿ ಹಾಕ್ತದ. ಸಾಕೋರ ಕೈಗೆ ನಾಲ್ಕು ಕಾಸು ಬರ್ತದ. ಅದಕ್ಕ ಊರ ಹಂದಿಗೆ ಬಿಳಿ ಗಂಡು ಕೂಡಿಸ್ತಾರ. ಮೊದಲ ಪೀಳಿಗೆಯಲ್ಲಿ ಊರ ಹಂದಿಯ ಪಾಲು ಶೇ. 50. ಆ ಮರಿಗಳಿಗೂ ಮತ್ತೆ ಬಿಳಿ ಗಂಡೇ ಕೂಡಿಸಿದರೆ 25, ಆಮೇಲೆ 12.5. ಡಿಪ್ರಿಸಿಯೇಷನ್ ಲೆಕ್ಕ ಇದ್ದಂಗ. ಆದರೆ ಈ ಆಸ್ತಿ ಸವೆದ ಮೇಲೆ ಅಂಗಡಿಯಲ್ಲಿ ಹೊಸದು ಸಿಗೋದಿಲ್ಲ. ಬಿಸಿಲು ತಡೆಯೋದು, ಸಿಕ್ಕಿದ್ದು ತಿಂದು ಬದುಕೋದು, ಖರ್ಚಿಲ್ಲದೆ ಮರಿ ಬೆಳೆಸೋದು ಎಲ್ಲಾ ಅದರ ಜೊತೀಗೆ ಹೋಗ್ತದ. ಉಳಿದ ನಾಲ್ಕಾರು ಹಂದಿಗಳೇ ತಮ್ಮತಮ್ಮೊಳಗ ಕೂಡಿದರೆ ಮರಿಗಳು ಬಲಹೀನ ಆಗ್ತಾವ. 2020ರಲ್ಲಿ ಅಸ್ಸಾಮಿಗೆ ಬಂದ ಆಫ್ರಿಕನ್ ಹಂದಿ ಜ್ವರ ದೇಸಿ, ವಿದೇಶಿ ಅಂತ ನೋಡಲಿಲ್ಲ. ಸಣ್ಣ ಹಿಂಡಿಗೆ ಅಂಥ ರೋಗ ಒಂದು ಸಲ ಬಂದರೂ ಕಥಿ ಮುಗೀತು.

ಇನ್ನೊಂದು ಮಾತು. 18ನೇ ಶತಮಾನದಲ್ಲಿ ಇಂಗ್ಲೆಂಡಿನವರು ಚೀನಾದ ಹಂದಿಗಳನ್ನ ತರಿಸಿ ತಮ್ಮವುಗಳ ಜೋಡಿ ಕೂಡಿಸಿದ್ದರು. ಇವತ್ತಿನ ಬಿಳಿ ಹಂದಿಯ ಮೈಯಲ್ಲಿ ಆ ಏಷ್ಯಾದ ರಕ್ತ ಐತಿ. ಯಾರದೋ ಊರ ಹಂದಿ ಉಳಿದಿತ್ತು, ಅದಕ್ಕ ಇದು ಹುಟ್ಟಿತು.

ತಳಿ ಗುರುತಿಸೋ ಕೆಲಸ ಸಣ್ಣ ಪ್ರಶ್ನೆಗಳಿಂದ ಶುರು ಆಗ್ತದ: ಯಾವ ಊರು, ಎಷ್ಟು ಹಂದಿ, ಕಿವಿ ಹೆಂಗ, ಮೂತಿ ಹೆಂಗ, ಒಂದು ಸೂಲಿಗೆ ಎಷ್ಟು ಮರಿ. ಇದಕ್ಕ ಉತ್ತರ ಗೊತ್ತಿರೋದು ಸಾಕಿದವರಿಗೆ. ಅವರ ಅಜ್ಜಂದಿರನ್ನ ಒಂದು ಕಾಲದಲ್ಲಿ ಬರೆದುಕೊಂಡದ್ದು ಅನುಮಾನದಿಂದ. ಈ ಸಲ ಬರೆಯೋರು ಮೊದಲು ಅವರ ಮನಿ ಮುಂದ ಕುಂತು, ಅವರನ್ನ ತಜ್ಞರು ಅಂತ ತಿಳಿದು ಕೇಳಬೇಕು. ಪುಸ್ತಕದಲ್ಲಿ ಹಂದಿ ಹೆಸರಿನ ಜೋಡಿ ಅವರ ಹೆಸರೂ ಬರಬೇಕು.

ಮುಂದಿನ ಕಂತಿನಲ್ಲಿ ಸಿಗೋಣ್ರಿ.