ಜೇಬುಚಾಕುಗಳ ಛಾಯಾಗ್ರಹಣ: ಉಕ್ಕಿನ ಕನ್ನಡಿಯನ್ನು ದಾಖಲಿಸುವ ಬಗೆ

ಮಡಚಿ ಜೇಬಿನಲ್ಲಿಟ್ಟುಕೊಳ್ಳಬಹುದಾದ ಪುಟ್ಟ ಚಾಕುಗಳನ್ನು ಸಂಗ್ರಹಿಸುವುದು ಅಂಚೆಚೀಟಿ, ನಾಣ್ಯಗಳ ಸಂಗ್ರಹದಂತೆಯೇ ಜಗತ್ತಿನ ಹಲವೆಡೆ ಬೇರೂರಿರುವ ಹವ್ಯಾಸ. ಆ ಸಂಗ್ರಹವನ್ನು ಛಾಯಾಚಿತ್ರಗಳಲ್ಲಿ ದಾಖಲಿಸುವುದು ಈ ಹವ್ಯಾಸದ ಒಡಲಿನಿಂದಲೇ ಹುಟ್ಟಿದ ಇನ್ನೊಂದು ಹವ್ಯಾಸ. ಹೊರನೋಟಕ್ಕೆ ಇದು ಸುಲಭದ ಕೆಲಸ. ವಸ್ತು ಅಂಗೈಯಗಲದ್ದು, ಅದು ಅಲುಗಾಡುವುದಿಲ್ಲ, ಓಡುವುದಿಲ್ಲ. ಆದರೆ ಮೊದಲ ಚಿತ್ರ ತೆಗೆದೊಡನೆ ತೊಡಕು ಅರಿವಾಗುತ್ತದೆ. ಅಲಗಿನ ಅರ್ಧ ಭಾಗ ಕಣ್ಣು ಕುಕ್ಕುವ ಬಿಳುಪು, ಉಳಿದರ್ಧ ಕಡುಗಪ್ಪು, ನಡುವೆ ಕ್ಯಾಮೆರಾ ಹಿಡಿದ ಕೈಯ ಪ್ರತಿಬಿಂಬ. ನಯಗೊಳಿಸಿದ ಅಲಗು ಒಂದು ಕನ್ನಡಿ. ಕನ್ನಡಿಯ ಚಿತ್ರ ತೆಗೆಯುವವನು ಕನ್ನಡಿಯನ್ನಲ್ಲ, ಅದರಲ್ಲಿ ಮೂಡುವುದನ್ನು ಸೆರೆಹಿಡಿಯುತ್ತಾನೆ. ಈ ಒಂದು ಮಾತು ಮನದಟ್ಟಾದರೆ ಉಳಿದುದೆಲ್ಲ ತಾಳ್ಮೆಯ ವಿಷಯ.

ಚಿತ್ರವೇಕೆ?

ಚಾಕು ಶಾಶ್ವತ ವಸ್ತುವೆಂಬುದು ತಪ್ಪು ಕಲ್ಪನೆ. ಇಂಗಾಲದ ಅಂಶ ಹೆಚ್ಚಿರುವ ಉಕ್ಕು ಬೆರಳಿನ ಬೆವರಿನ ಉಪ್ಪಿಗೂ ತುಕ್ಕು ಹಿಡಿಯುತ್ತದೆ. ಪದೇ ಪದೇ ಸಾಣೆ ಹಿಡಿದ ಅಲಗು ಸವೆದು ಕಿರಿದಾಗುತ್ತದೆ. ಹಿಡಿಯ ಮರ ಬಿರುಕು ಬಿಡುತ್ತದೆ. ಕೊಂಡ ದಿನ ಇದ್ದ ರೂಪ ಹತ್ತು ವರ್ಷಗಳ ನಂತರ ಇರುವುದಿಲ್ಲ. ಕಳವಾದಾಗ ಪೊಲೀಸರಿಗೆ ವಿವರ ಕೊಡಲು, ಮಾರುವಾಗ ಸ್ಥಿತಿಯನ್ನು ಪ್ರಾಮಾಣಿಕವಾಗಿ ತೋರಿಸಲು, ಕೊಳ್ಳುವಾಗ ಅಸಲಿ-ನಕಲಿಗಳನ್ನು ಹೋಲಿಸಲು ನೆರವಾಗುವುದು ಛಾಯಾಚಿತ್ರವೇ. ಆದುದರಿಂದ ಇಂತಹ ಚಿತ್ರದ ಮೌಲ್ಯ ಅದರ ಸೊಗಸಿಗಿಂತ ಮಿಗಿಲಾಗಿ ಅದು ಹೊತ್ತಿರುವ ಮಾಹಿತಿಯಲ್ಲಿದೆ.

ಸಂಗ್ರಹಕಾರರ ಮೆಚ್ಚಿನ ಚಾಕುಗಳು

ಯುರೋಪಿನ ಸಂಗ್ರಹಗಳಲ್ಲಿ ಎದ್ದು ಕಾಣುವ ಹೆಸರು ಫ್ರಾನ್ಸಿನ ಒಪಿನೆಲ್. ಸವೋಯಿ ಪ್ರಾಂತದ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಈ ಚಾಕುವಿನಲ್ಲಿ ಒಂದು ಮರದ ಹಿಡಿ, ಒಂದು ಅಲಗು, ಒಂದು ಲೋಹದ ಪಟ್ಟಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. 1897ರಲ್ಲಿ 1ರಿಂದ 12ರವರೆಗಿನ ಗಾತ್ರಗಳು ಬಂದವು. 1955ರಲ್ಲಿ ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ತಿರುಗುಬಳೆ ಸೇರ್ಪಡೆಯಾಯಿತು. ಬಳೆಯಿಲ್ಲದ ಒಪಿನೆಲ್ ಹಳೆಯದಿರಬಹುದೆಂದು ಚಿತ್ರ ನೋಡಿಯೇ ಊಹಿಸಲು ಸಾಧ್ಯವಾಗುವುದು ಇಂತಹ ವಿವರಗಳಿಂದ.

ಸ್ವಿಟ್ಜರ್ಲೆಂಡಿನ ಇಬಾಖ್‌ನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ತೆರೆದ ಕಮ್ಮಟ 1891ರಲ್ಲಿ ಅಲ್ಲಿನ ಸೇನೆಗೆ ಚಾಕು ಪೂರೈಸಿತು. 1897ರಲ್ಲಿ ಹೆಚ್ಚು ಉಪಕರಣಗಳುಳ್ಳ ‘ಅಧಿಕಾರಿಯ ಚಾಕು’ ಬಂದಿತು. ಎಲ್ಸೆನರನ ತಾಯಿ ವಿಕ್ಟೋರಿಯಾಳ ಹೆಸರಿಗೆ ತುಕ್ಕುರಹಿತ ಉಕ್ಕನ್ನು ಸೂಚಿಸುವ ‘ಇನಾಕ್ಸ್’ ಸೇರಿ 1921ರಲ್ಲಿ ವಿಕ್ಟೋರಿನಾಕ್ಸ್ ಎಂಬ ಹೆಸರು ರೂಪುಗೊಂಡಿತು. ಭಾರತದಲ್ಲಿ ಉತ್ತರಪ್ರದೇಶದ ರಾಂಪುರ, ತೆರೆಯುವಾಗ ಕಟಕಟ ಸದ್ದು ಮಾಡುವ ತನ್ನ ಚಾಕುಗಳಿಂದಾಗಿ ಹಿಂದಿ ಚಿತ್ರಗಳ ಮೂಲಕ ದೇಶಕ್ಕೆಲ್ಲ ಪರಿಚಿತ. 2023ರಲ್ಲಿ ಆ ಊರಿನ ಚೌಕವೊಂದರಲ್ಲಿ ಸುಮಾರು 20 ಅಡಿ ಉದ್ದದ ಚಾಕುವಿನ ಪ್ರತಿಕೃತಿಯನ್ನೇ ನಿಲ್ಲಿಸಲಾಯಿತು.

ಬುಡದ ಮುದ್ರೆ: ಚಾಕುವಿನ ಜಾತಕ

ಅಲಗು ಹಿಡಿಯನ್ನು ಸೇರುವ ಬುಡದಲ್ಲಿ ತಯಾರಕರು ಒತ್ತಿದ ಮುದ್ರೆ ಇರುತ್ತದೆ. ಪರಿಣತರು ಮೊದಲು ಕೇಳುವುದು ಇದರ ಚಿತ್ರವನ್ನೇ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬ್ರ್ಯಾಡ್‌ಫರ್ಡ್‌ನಲ್ಲಿರುವ ಕೇಸ್ ಕಂಪೆನಿಯ ಪದ್ಧತಿ ಇದಕ್ಕೆ ಉತ್ತಮ ನಿದರ್ಶನ. 1970ರಲ್ಲಿ ಆ ಕಂಪೆನಿ ತನ್ನ ಮುದ್ರೆಯಲ್ಲಿ ಹತ್ತು ಚುಕ್ಕೆಗಳನ್ನಿಟ್ಟು, ವರ್ಷಕ್ಕೊಂದರಂತೆ ಕಳೆಯುತ್ತ ಬಂದಿತು. ಐದು ಚುಕ್ಕೆಗಳಿದ್ದರೆ ಅದು 1975ರ ಚಾಕು, ಒಂದೇ ಚುಕ್ಕೆಯಿದ್ದರೆ 1979ರದ್ದು. 1980ರಲ್ಲಿ ಮತ್ತೆ ಹತ್ತು ಚುಕ್ಕೆಗಳಿಂದ ಎಣಿಕೆ ಮೊದಲಾಯಿತು. ಆದರೆ ಈ ಬಾರಿ ಹೆಸರಿನಲ್ಲಿನ ಎಸ್ ಅಕ್ಷರ ಮಿಂಚಿನ ಗೆರೆಯಂತೆ ಮುರಿದಿತ್ತು. ಅಂದರೆ ಅಕ್ಷರದ ಆಕಾರವೊಂದು ಚಿತ್ರದಲ್ಲಿ ಸ್ಪಷ್ಟವಾಗದಿದ್ದರೆ ಚಾಕುವಿನ ವಯಸ್ಸು ಹತ್ತು ವರ್ಷ ಆಚೀಚೆಯಾಗುತ್ತದೆ. ಒಂದು ಚುಕ್ಕೆ ಬೆಳಕಿನ ಹೊಳಪಿನಲ್ಲಿ ಮರೆಯಾದರೂ ವರ್ಷ ತಪ್ಪುತ್ತದೆ.

ಇಂತಹ ಮುದ್ರೆಗೆ ನೇರ ಬೆಳಕು ಸಲ್ಲದು. ದೀಪವನ್ನು ಒಂದು ಪಕ್ಕದಿಂದ, ಅಲಗಿನ ಮೇಲ್ಮೈಯನ್ನು ಸವರಿಕೊಂಡು ಹೋಗುವಷ್ಟು ಕೆಳಮಟ್ಟದಲ್ಲಿ ಇಡಬೇಕು. ಆಗ ತಗ್ಗಿನ ಅಕ್ಷರಗಳ ಒಂದು ಅಂಚು ಬೆಳಗಿ ಇನ್ನೊಂದು ಅಂಚಿನಲ್ಲಿ ನೆರಳು ನಿಲ್ಲುತ್ತದೆ. ಶಾಸನತಜ್ಞರು ಸವೆದ ಶಿಲಾಶಾಸನಗಳನ್ನು ಓದಲು ಓರೆಬೆಳಕನ್ನು ಬಳಸುವುದೂ ಇದೇ ಕಾರಣಕ್ಕೆ.

ಬೆಳಕಿನ ನಿಯಮ

ಬೆಳಕು ನಯವಾದ ಮೇಲ್ಮೈಗೆ ಯಾವ ಕೋನದಲ್ಲಿ ಬೀಳುತ್ತದೆಯೋ ಅದೇ ಕೋನದಲ್ಲಿ ಪ್ರತಿಫಲಿಸುತ್ತದೆ. ಶಾಲೆಯಲ್ಲಿ ಕಲಿತ ಈ ನಿಯಮವೇ ಇಲ್ಲಿ ಮಾರ್ಗದರ್ಶಿ. ಕ್ಯಾಮೆರಾ ಇರುವ ಜಾಗದಿಂದ ಅಲಗಿನತ್ತ ಗೆರೆ ಎಳೆದು, ಅದು ಪುಟಿದು ಎತ್ತ ಹೋಗುತ್ತದೆಂದು ಊಹಿಸಿದರೆ ಅಲಗಿನಲ್ಲಿ ಯಾವುದು ಪ್ರತಿಬಿಂಬಿಸುತ್ತದೆಂಬುದು ತಿಳಿಯುತ್ತದೆ. ಆ ಜಾಗದಲ್ಲಿ ಬಿಳಿ ಹಾಳೆಯಿದ್ದರೆ ಅಲಗು ಬೆಳ್ಳಗೆ, ಕಪ್ಪು ರಟ್ಟಿದ್ದರೆ ಕಪ್ಪಗೆ, ಉರಿಯುವ ಬಲ್ಬಿದ್ದರೆ ಕಣ್ಣು ಕೋರೈಸುವ ಬಿಳಿ ಮಚ್ಚೆಯಾಗಿ ಕಾಣುತ್ತದೆ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಈ ಕೆಲಸಕ್ಕೆ ಒಗ್ಗದಿರುವುದು ಆ ಮಚ್ಚೆಯ ಕಾರಣದಿಂದಲೇ.

ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದ ಮೇಜು, ಕಿಟಕಿಗೆ ಅಂಟಿಸಿದ ಟ್ರೇಸಿಂಗ್ ಹಾಳೆ ಅಥವಾ ತೆಳು ಬಿಳಿ ಬಟ್ಟೆ, ಎದುರು ಬದಿಯಲ್ಲಿ ಬೆಳಕನ್ನು ಹಿಂದಿರುಗಿಸುವ ಥರ್ಮೋಕೋಲ್ ತುಂಡು ಸಾಕು. ಅಲಗಿನ ಗಾತ್ರಕ್ಕೆ ಹೋಲಿಸಿದರೆ ಬೆಳಕಿನ ಮೂಲ ಎಷ್ಟು ಅಗಲವೋ ಹೊಳಪು ಅಷ್ಟು ಮೃದು. ಅಲಗು ಪೂರ್ತಿ ಬಿಳಿಯಾಗಿ ಹಿನ್ನೆಲೆಯಲ್ಲಿ ಕರಗಿಹೋಗದಂತೆ ಅದರ ಅಂಚಿನ ಬಳಿ ಬೆರಳಗಲದ ಕಪ್ಪು ಕಾಗದವನ್ನು ಚೌಕಟ್ಟಿನ ಹೊರಗೆ ನಿಲ್ಲಿಸಿದರೆ, ಅದರ ಪ್ರತಿಬಿಂಬ ಅಂಚಿಗೆ ಕಪ್ಪು ಗೆರೆ ಬರೆದಂತಾಗಿ ಆಕಾರ ಎದ್ದು ಕಾಣುತ್ತದೆ.

ಪ್ರತಿಫಲನ ತಗ್ಗಿಸಲು ಪೋಲರೈಸರ್ ಶೋಧಕವನ್ನು ಕೊಳ್ಳುವವರಿದ್ದಾರೆ. ಮೆರುಗೆಣ್ಣೆ ಬಳಿದ ಮರ, ಪ್ಲಾಸ್ಟಿಕ್ ಮುಂತಾದ ಹಿಡಿಗಳ ಮೇಲಿನ ಹೊಳಪನ್ನು ಅದು ತಗ್ಗಿಸಬಲ್ಲದು. ಬರಿಯ ಲೋಹದ ಹೊಳಪಿನ ಮೇಲೆ ಮಾತ್ರ ಅದರ ಆಟ ನಡೆಯದು.

ಕ್ಯಾಮೆರಾದ ಹೊಂದಿಕೆ

ಚಿಕ್ಕ ವಸ್ತುವನ್ನು ಹತ್ತಿರದಿಂದ ತೆಗೆಯುವಾಗ ಸ್ಪಷ್ಟವಾಗಿ ಕಾಣುವ ಆಳ ಕೆಲವೇ ಮಿಲಿಮೀಟರ್‌ಗಳಿಗೆ ಇಳಿಯುತ್ತದೆ. ಮೊನೆ ಸ್ಪಷ್ಟವಾದರೆ ಹಿಡಿ ಮಸುಕು. ಅಪರ್ಚರ್ ಅನ್ನು 8ರಿಂದ 11ರ ನಡುವೆ ಇಡುವುದು ರೂಢಿ. ಅದನ್ನು 22ರವರೆಗೆ ಕಿರಿದುಗೊಳಿಸಿದರೆ ಆಳ ಹೆಚ್ಚಿದರೂ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮಂಕಾಗುತ್ತದೆ. ಐಎಸ್‌ಒ 100 ಇದ್ದರೆ ಕಾಳು ಕಾಣಿಸದು. ಇವೆರಡರಿಂದ ಷಟರ್ ತೆರೆದಿರುವ ಅವಧಿ ದೀರ್ಘವಾಗುವುದರಿಂದ ಟ್ರೈಪಾಡ್ ಅನಿವಾರ್ಯ. ಗುಂಡಿ ಒತ್ತಿದ ಅಲುಗಾಟ ತಟ್ಟದಿರಲು ಎರಡು ಸೆಕೆಂಡಿನ ಟೈಮರ್ ಬಳಸಬಹುದು. ಕ್ಯಾಮೆರಾ ಚಾಕುವಿಗೆ ಸಮಾನಾಂತರವಾಗಿದ್ದರೆ ತೊಡಕು ಅರ್ಧ ಇಳಿಯುತ್ತದೆ.

ಕ್ಯಾಮೆರಾದ ಮಾಪಕ ಎಲ್ಲವನ್ನೂ ನಡುಬೂದು ಬಣ್ಣಕ್ಕೆ ಹೊಂದಿಸಲು ಯತ್ನಿಸುತ್ತದೆ. ಹೀಗಾಗಿ ಬಿಳಿ ಹಿನ್ನೆಲೆ ಬೂದಾಗಿಯೂ ಕಪ್ಪು ಹಿನ್ನೆಲೆ ಮಾಸಲಾಗಿಯೂ ಬರುವುದುಂಟು. ಬಿಳಿಗೆ ಬೆಳಕನ್ನು ಒಂದು ಹಂತ ಹೆಚ್ಚಿಸಿ, ಕಪ್ಪಿಗೆ ಒಂದು ಹಂತ ತಗ್ಗಿಸಿ ನೋಡಬೇಕು. ಹಿನ್ನೆಲೆ ಮಧ್ಯಮ ಬೂದುಬಣ್ಣದ್ದಾದರೆ ಈ ಲೆಕ್ಕಾಚಾರವೇ ಬೇಡ. ಮೊಬೈಲ್ ಫೋನ್ ಬಳಸುವವರು ಡಿಜಿಟಲ್ ಝೂಮ್ ಬಿಟ್ಟು, ಪರದೆಯ ಮೇಲೆ ಅಲಗನ್ನು ಒತ್ತಿ ಹಿಡಿದು ಫೋಕಸ್ ಸ್ಥಿರಗೊಳಿಸಿ, ಬೆಳಕನ್ನು ಕೈಯಾರೆ ಹೊಂದಿಸಿಕೊಳ್ಳುವುದು ಒಳಿತು.

ಕ್ಯಾಮೆರಾ ಇಲ್ಲದೆಯೂ ದಾಖಲೆ ಸಾಧ್ಯ. ಕಾಗದಪತ್ರಗಳನ್ನು ನಕಲಿಸುವ ಚಪ್ಪಟೆ ಸ್ಕ್ಯಾನರಿನ ಗಾಜಿನ ಮೇಲೆ ಪಾರದರ್ಶಕ ಹಾಳೆ ಹಾಸಿ, ಗಾಜು ಗೀಚದಂತೆ ಚಾಕುವನ್ನಿಟ್ಟು ಸ್ಕ್ಯಾನ್ ಮಾಡಬಹುದು. 9 ಸೆಂ.ಮೀ. ಉದ್ದದ ಚಾಕು ಇಂಚಿಗೆ 600 ಚುಕ್ಕೆಗಳ ಪ್ರಮಾಣದಲ್ಲಿ ಸುಮಾರು 2,100 ಪಿಕ್ಸೆಲ್‌ಗಳಷ್ಟು ಉದ್ದ ಬರುತ್ತದೆ. ಹಿಡಿಯ ಗೆರೆಗಳನ್ನು ನೋಡಲು ಇದು ಧಾರಾಳ. ತೆಳು ಮಾದರಿಯ ಸ್ಕ್ಯಾನರುಗಳಲ್ಲಿ ಗಾಜಿಗೆ ತಾಗದ ಭಾಗ ಮಸುಕಾಗುವುದೂ ನಯವಾದ ಅಲಗು ಕಪ್ಪಾಗಿ ಕಾಣುವುದೂ ಈ ವಿಧಾನದ ಮಿತಿಗಳು.

ಹಿಡಿ ಮತ್ತು ಉಕ್ಕಿನ ವಿನ್ಯಾಸ

ಜಿಂಕೆಯ ಕೊಂಬು, ಮೂಳೆ, ಮುತ್ತಿನ ಚಿಪ್ಪು, ಮರ ಹೀಗೆ ಹಿಡಿಗಳು ಬಗೆಬಗೆ. ಇವುಗಳಲ್ಲಿ ವಿಶೇಷ ಎಚ್ಚರ ಬೇಡುವುದು ಹಳೆಯ ಸೆಲ್ಯುಲಾಯ್ಡ್. ಸಿನಿಮಾದ ಹಳೆಯ ಸುರುಳಿಗಳಂತೆಯೇ ಇದು ನೈಟ್ರೋಸೆಲ್ಯುಲೋಸ್‌ನಿಂದಾದದ್ದು. ಕಾಲಕ್ರಮದಲ್ಲಿ ಕೊಳೆತು ಹೊರಬಿಡುವ ನೈಟ್ರೋಜನ್ ಆಕ್ಸೈಡ್ ಅನಿಲ ತೇವದೊಡನೆ ಬೆರೆತು ಆಮ್ಲವಾಗಿ, ಅದೇ ಪೆಟ್ಟಿಗೆಯಲ್ಲಿರುವ ಇತರ ಚಾಕುಗಳ ಉಕ್ಕನ್ನೂ ತಿನ್ನುತ್ತದೆ. ಅಂತಹವನ್ನು ಬೇರ್ಪಡಿಸಿ ಗಾಳಿಯಾಡುವಲ್ಲಿ ಇಡಬೇಕು. ಮತ್ತು ಮೊದಲು ಅವುಗಳ ಚಿತ್ರ ತೆಗೆಯಬೇಕು. ಹಿಡಿ ಪುಡಿಯಾದ ಮೇಲೆ ಅದರ ಬಣ್ಣ, ವಿನ್ಯಾಸಗಳಿಗೆ ಉಳಿಯುವ ಸಾಕ್ಷಿ ಚಿತ್ರವೊಂದೇ.

ಅಲೆಯಂತಹ ಗೆರೆಗಳುಳ್ಳ ‘ಡಮಾಸ್ಕಸ್’ ಅಲಗುಗಳಿಗೂ ಅಗಲವಾದ ಮೃದು ಬೆಳಕೇ ಹೊಂದುತ್ತದೆ. ಇಂದು ಈ ಹೆಸರಿನಲ್ಲಿ ಸಿಗುವ ಜೇಬುಚಾಕುಗಳಲ್ಲಿ ಬಹುಪಾಲಿನವು ಬೇರೆ ಬೇರೆ ಉಕ್ಕಿನ ಪದರಗಳನ್ನು ಬೆಸೆದು, ಆಮ್ಲದಿಂದ ಗೆರೆ ಎಬ್ಬಿಸಿದವು. ಪುರಾತನ ಡಮಾಸ್ಕಸ್ ಕತ್ತಿಗಳೊಡನೆ ತಳಕು ಹಾಕಿಕೊಂಡಿರುವುದು ದಕ್ಷಿಣ ಭಾರತದ ಮೂಸೆ ಉಕ್ಕು. ಪಾಶ್ಚಾತ್ಯರು ಅದನ್ನು ಕರೆದ ‘ವೂಟ್ಸ್’ ಎಂಬ ಹೆಸರು ಕನ್ನಡದ ‘ಉಕ್ಕು’ ಪದದಿಂದ ಬಂದುದೆಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕು ತಯಾರಿಕೆಯನ್ನು ವಿವರವಾಗಿ ದಾಖಲಿಸಿದ್ದಾನೆ.

ಒಂದು ಚಾಕು, ಆರು ಚಿತ್ರ

ಕ್ರಮಬದ್ಧ ದಾಖಲೆಗೆ ಪ್ರತಿ ಚಾಕುವಿನ ಆರು ಚಿತ್ರಗಳು ಸಾಕು: ಮಡಚಿದ ಸ್ಥಿತಿಯಲ್ಲಿ ಎರಡು ಬದಿ, ಪೂರ್ತಿ ತೆರೆದ ಸ್ಥಿತಿಯಲ್ಲಿ ಎರಡು ಬದಿ, ಬೆನ್ನಿನ ಕಡೆಯಿಂದ ಒಂದು, ಬುಡದ ಮುದ್ರೆ ಹತ್ತಿರದಿಂದ ಒಂದು. ತೆರೆದ ಚಿತ್ರವೊಂದರಲ್ಲಾದರೂ ಅಳತೆಪಟ್ಟಿ ಇರಲಿ. ಅದನ್ನು ಅಲಗಿನ ಮಟ್ಟದಲ್ಲೇ ಇಡಬೇಕು. ಕೆಳಗಿದ್ದರೆ ಅಳತೆ ತಪ್ಪುತ್ತದೆ. ಚಿತ್ರಕ್ಕೆ ಮುನ್ನ ಅಲಗಿನ ಎಣ್ಣೆಯನ್ನು ಮೃದು ಬಟ್ಟೆಯಿಂದ ಒರೆಸಬೇಕು, ಇಲ್ಲವಾದರೆ ಕಾಮನಬಿಲ್ಲಿನ ಗೆರೆಗಳು ಮೂಡುತ್ತವೆ. ಮುಗಿದೊಡನೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ ಇಡಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಚರ್ಮದ ಒರೆಯಲ್ಲಿ ಬಹುಕಾಲ ಇಟ್ಟರೆ ಹದಮಾಡಿದ ರಾಸಾಯನಿಕಗಳಿಂದ ಲೋಹ ಕಿಲುಬುತ್ತದೆ.

ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವಾಗ ಬೆಳಕು, ಬಣ್ಣ ಸರಿಪಡಿಸಬಹುದು. ಗೀರು, ತುಕ್ಕಿನ ಕಲೆಗಳನ್ನು ಅಳಿಸಬಾರದು. ಅಳಿಸಿದ ಕ್ಷಣದಲ್ಲೇ ಅದು ದಾಖಲೆಯೆನಿಸದೆ ಜಾಹೀರಾತಾಗುತ್ತದೆ. ಚಿತ್ರ ನೋಡಿ ಹಣ ಕೊಟ್ಟವನಿಗೆ ಅದು ಮೋಸವೂ ಹೌದು. ಕಡತದ ಹೆಸರಿನಲ್ಲೇ ತಯಾರಕ, ಮಾದರಿ, ದಿನಾಂಕ ನಮೂದಿಸಿ, ಒಂದು ಪ್ರತಿಯನ್ನು ಮನೆಯ ಹೊರಗೆ ಬೇರೆಡೆ ಉಳಿಸುವುದು ಜಾಣತನ.

ಕಾನೂನಿನ ಗೆರೆ

1959ರ ಆಯುಧ ಕಾಯ್ದೆಯಡಿ ರೂಪಿತವಾದ 2016ರ ಆಯುಧ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಚಾಕುಗಳನ್ನು ಆಯುಧಗಳ ವರ್ಗಕ್ಕೆ ಸೇರಿಸಿವೆ. ಗೃಹಬಳಕೆ, ಕೃಷಿ, ವೈಜ್ಞಾನಿಕ ಮತ್ತು ಕೈಗಾರಿಕಾ ಉದ್ದೇಶದವಕ್ಕೆ ವಿನಾಯಿತಿಯಿದೆ. ಸಾಮಾನ್ಯ ಜೇಬುಚಾಕು ಈ ಅಳತೆಗಿಂತ ಬಹಳ ಚಿಕ್ಕದು. ಆದರೆ ಎಲ್ಲೆಡೆ ಒಂದೇ ನಿಯಮವಿಲ್ಲ. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಗುಂಡಿ ಅಥವಾ ಸ್ಪ್ರಿಂಗ್‌ನಿಂದ ತೆರೆದುಕೊಳ್ಳುವ ಚಾಕುಗಳಿಗೆ 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲದ ಗೆರೆ ಎಳೆದಿತ್ತು. ಅಳತೆಪಟ್ಟಿಯಿರುವ ಚಿತ್ರ ಇಲ್ಲಿಯೂ ಪ್ರಯೋಜನಕಾರಿ. ವಿಮಾನದಲ್ಲಿ ಕೈಚೀಲದೊಳಗೆ ಚಾಕು ಒಯ್ಯುವಂತಿಲ್ಲ; ನಿಷೇಧಾಜ್ಞೆ ಜಾರಿಯಲ್ಲಿರುವಾಗ ಜೇಬಿನಲ್ಲಿಟ್ಟುಕೊಂಡು ತಿರುಗುವುದೂ ತರವಲ್ಲ.

ಚಿತ್ರವನ್ನು ಹಂಚಿಕೊಳ್ಳುವಾಗಲೂ ವಿವೇಕ ಬೇಕು. 2025ರ ಮಾರ್ಚ್‌ನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿದವರ ಮೇಲೆ ಬೆಂಗಳೂರು ಪೊಲೀಸರು ಪ್ರಕರಣ ದಾಖಲಿಸಿದ್ದು ರಾಜ್ಯದಲ್ಲಿ ಸುದ್ದಿಯಾಗಿತ್ತು. ಮೇಜಿನ ಮೇಲೆ ಅಳತೆಪಟ್ಟಿಯೊಡನೆ ಮಲಗಿಸಿದ ಚಾಕು ವಸ್ತುಸಂಗ್ರಹದ ದಾಖಲೆ. ಮುಷ್ಟಿಯಲ್ಲಿ ಎತ್ತಿಹಿಡಿದ ಚಾಕು ಬೆದರಿಕೆಯ ಭಂಗಿ. ಮನೆಯಲ್ಲಿ ಮಕ್ಕಳಿದ್ದರೆ ತೆರೆದ ಚಾಕುಗಳನ್ನು ಮೇಜಿನ ಮೇಲೆ ಬಿಟ್ಟು ಏಳದೆ, ಒಂದು ಬಾರಿಗೆ ಒಂದನ್ನೇ ಹೊರತೆಗೆದು, ಚಿತ್ರ ಮುಗಿದೊಡನೆ ಮಡಚಿಟ್ಟು ಮುಂದಿನದನ್ನು ಎತ್ತಿಕೊಳ್ಳುವುದು ಸುರಕ್ಷಿತ ಕ್ರಮ.