ಗಣಕದ ಗಡಿಯಾರ ಹಿಂದಕ್ಕೆ ಓಡಿದಾಗ: ಮದರ್‌ಬೋರ್ಡ್‌ನ ಪುಟ್ಟ ಬ್ಯಾಟರಿ ಬದಲಿಸುವ ಬಗೆ

ಬೆಳಗ್ಗೆ ಗಣಕಯಂತ್ರವನ್ನು ಚಾಲೂ ಮಾಡುತ್ತೀರಿ. ಕಪ್ಪು ತೆರೆಯ ಮೇಲೆ 'ಸಿಮಾಸ್ ಚೆಕ್‌ಸಮ್ ಎರರ್' ಎಂಬ ಸಾಲು ಮೂಡುತ್ತದೆ; ಮುಂದುವರಿಯಲು ಎಫ್1 ಕೀಲಿ ಒತ್ತಿರೆಂಬ ಸೂಚನೆ ಬರುತ್ತದೆ. ಒತ್ತಿದರೆ ವಿಂಡೋಸ್ ತೆರೆದುಕೊಳ್ಳುತ್ತದಾದರೂ ಮೂಲೆಯ ಗಡಿಯಾರ ಹಲವು ವರ್ಷಗಳ ಹಿಂದಿನ ದಿನಾಂಕವನ್ನು ತೋರಿಸುತ್ತಿರುತ್ತದೆ. ಬ್ಯಾಂಕಿನ ಜಾಲತಾಣಕ್ಕೆ ಹೋದರೆ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಎದುರಾಗುತ್ತದೆ. ವೈರಸ್ ಹೊಕ್ಕಿದೆ, ಮದರ್‌ಬೋರ್ಡ್ ಕೆಟ್ಟಿದೆ ಎಂದು ಗಾಬರಿಗೊಂಡು ಸಿಪಿಯು ಪೆಟ್ಟಿಗೆಯನ್ನು ಆಟೋದಲ್ಲಿ ಹೇರಿಕೊಂಡು ದುರಸ್ತಿ ಅಂಗಡಿಗೆ ಧಾವಿಸುವವರುಂಟು. ಆದರೆ ಇಂಥ ಲಕ್ಷಣಗಳೆಲ್ಲ ಒಟ್ಟಿಗೆ ಕಂಡಾಗ ಮೊದಲು ಸಂಶಯಿಸಬೇಕಾದದ್ದು ನಾಣ್ಯದ ಗಾತ್ರದ ಒಂದು ಬ್ಯಾಟರಿಯನ್ನು.

ಅದರ ಹೆಸರು ಸಿಆರ್2032. ಅಂಕಿಗಳಲ್ಲೇ ಅದರ ಅಳತೆಯಿದೆ: ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. 3 ವೋಲ್ಟ್‌ನ ಈ ಲಿಥಿಯಂ ಬ್ಯಾಟರಿಯ ಕೆಲಸ ಗಣಕವನ್ನು ಓಡಿಸುವುದಲ್ಲ. ಗಣಕ ಆರಿದ್ದಾಗ ಅದರ ಗಡಿಯಾರವನ್ನು ಓಡಿಸುವುದು. ಸೆಕೆಂಡಿಗೆ 32,768 ಬಾರಿ ಕಂಪಿಸುವ ಒಂದು ಸ್ಫಟಿಕವನ್ನು ಅದು ಜೀವಂತವಾಗಿಡುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧಿಸಿದರೆ ಸರಿಯಾಗಿ ಒಂದು ಉಳಿಯುತ್ತದೆ. ಅದೇ ಗಣಕದ ಒಂದು ಸೆಕೆಂಡು.

1981ರಲ್ಲಿ ಬಂದ ಐಬಿಎಂನ ಮೊದಲ ಪಿಸಿಗೆ ಈ ಸೌಲಭ್ಯವಿರಲಿಲ್ಲ. ಪ್ರತಿ ಸಲ ಚಾಲೂ ಮಾಡಿದಾಗಲೂ ದಿನಾಂಕವನ್ನೂ ವೇಳೆಯನ್ನೂ ಬಳಕೆದಾರನೇ ಬೆರಳಚ್ಚಿಸಬೇಕಿತ್ತು. 1984ರ ಪಿಸಿ ಎಟಿ ಮಾದರಿಯಲ್ಲಿ ಮೊಟೊರೊಲಾದ ಗಡಿಯಾರ ಚಿಪ್ ಬಂತು. ಅದರ ಒಟ್ಟು ಸ್ಮೃತಿ ಕೇವಲ 64 ಬೈಟ್. 14 ಬೈಟ್ ಗಡಿಯಾರಕ್ಕೆ ಹೋಗಿ ಮಿಕ್ಕದ್ದು ಯಂತ್ರದ ಸೆಟ್ಟಿಂಗ್‌ಗಳಿಗೆ ಮೀಸಲಾಯಿತು. ಮುಂದೆ ಹಲವು ಬೋರ್ಡ್‌ಗಳಲ್ಲಿ ಬೆಸೆದು ಕೂರಿಸಿದ್ದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳು ಸೋರಿ, ತಾಮ್ರದ ಗೆರೆಗಳನ್ನೇ ತಿಂದುಹಾಕಿದವು. ಬೆರಳಿನಿಂದ ತೆಗೆದು ಹಾಕಬಹುದಾದ ಇಂದಿನ ಬಿಲ್ಲೆ ಅದಕ್ಕಿಂತ ಎಷ್ಟೋ ವಾಸಿ.

ಗೋಡೆಯ ಸ್ವಿಚ್ ಹಾಕಿದ್ದರೆ, ಗಣಕ ಆರಿದ್ದರೂ ಗಡಿಯಾರಕ್ಕೆ ಪವರ್ ಸಪ್ಲೈನಿಂದಲೇ ವಿದ್ಯುತ್ ದೊರೆಯುತ್ತದೆ. ಸ್ವಿಚ್ ಆರಿಸಿದಾಗ ಭಾರ ಬ್ಯಾಟರಿಯ ಮೇಲೆ ಬೀಳುತ್ತದೆ. ಸಿಡಿಲಿಗೆ ಅಂಜಿ ಪ್ಲಗ್ ಕಿತ್ತಿಡುವ ನಮ್ಮ ಮನೆಗಳ ರೂಢಿ ತಪ್ಪೇನಲ್ಲ. ಆದರೆ ತಿಂಗಳುಗಟ್ಟಲೆ ಹಾಗೆ ಬಿದ್ದಿದ್ದ ಯಂತ್ರದಲ್ಲಿ ಬ್ಯಾಟರಿ ಬೇಗ ಸವೆದಿರುವುದು ಸಹಜ. ಸಾಮಾನ್ಯವಾಗಿ ಮೂರರಿಂದ ಐದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಅದು ಬಾಳುತ್ತದೆ.

ತಪ್ಪಿದ ದಿನಾಂಕವನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುತ್ತದೆ. ಗಣಕ ಆ ಅವಧಿಯ ಹೊರಗಿದ್ದರೆ ಬ್ರೌಸರ್ ಒಳಗೆ ಬಿಡುವುದಿಲ್ಲ. ಅಂಗಡಿಯ ಬಿಲ್ಲು, ಲೆಕ್ಕದ ನಮೂದು, ಕಡತಗಳ ದಿನಾಂಕಗಳೆಲ್ಲ ಸದ್ದಿಲ್ಲದೆ ತಪ್ಪುತ್ತ ಹೋಗುತ್ತವೆ. ವರ್ಷಾಂತ್ಯದ ಲೆಕ್ಕಪತ್ರ ಪರಿಶೀಲನೆಯಲ್ಲಿ ಅದನ್ನು ತಿದ್ದುವ ಪಾಡು ಬ್ಯಾಟರಿಯ ಬೆಲೆಗಿಂತ ಬಹಳ ದೊಡ್ಡದು.

ಆದರೂ ಪೆಟ್ಟಿಗೆ ಬಿಚ್ಚುವ ಮುನ್ನ ಒಂದು ಪರೀಕ್ಷೆ ಮಾಡಿ. ಗಡಿಯಾರ ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ತೋರಿಸಿದರೆ ಬ್ಯಾಟರಿ ನಿರಪರಾಧಿ. ಭಾರತೀಯ ಕಾಲಮಾನ ಜಾಗತಿಕ ಕಾಲಮಾನಕ್ಕಿಂತ ಅಷ್ಟೇ ಮುಂದಿದೆ. ಕಾಲವಲಯದ ಆಯ್ಕೆ ತಪ್ಪಿರಬಹುದು. ಒಂದೇ ಗಣಕದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದಾಗಲೂ ಹೀಗಾಗುತ್ತದೆ, ಏಕೆಂದರೆ ವಿಂಡೋಸ್ ಆ ಚಿಪ್‌ನಲ್ಲಿ ಸ್ಥಳೀಯ ವೇಳೆಯನ್ನಿಟ್ಟರೆ ಲಿನಕ್ಸ್ ಸಾಮಾನ್ಯವಾಗಿ ಜಾಗತಿಕ ವೇಳೆಯನ್ನಿಡುತ್ತದೆ. ಪ್ಲಗ್ ಕಿತ್ತಿಟ್ಟ ಬಳಿಕವಷ್ಟೇ ದಿನಾಂಕ ಹಾರಿಹೋದರೆ ಬ್ಯಾಟರಿ ಮುಗಿದಿದೆಯೆಂದು ತಿಳಿಯಬಹುದು. ಮಲ್ಟಿಮೀಟರ್ ಉಳ್ಳವರು ಅಳೆದು ನೋಡಬಹುದು: ಹೊಸದು 3 ವೋಲ್ಟ್‌ಗೆ ತುಸು ಮೇಲಿರುತ್ತದೆ, 2.8ಕ್ಕಿಂತ ಕೆಳಗಿಳಿದಿದ್ದರೆ ಬದಲಿಸುವುದು ಲೇಸು.

ಬದಲಿಸುವ ಕೆಲಸಕ್ಕಿಂತ ಅದರ ಪೂರ್ವಸಿದ್ಧತೆ ಮುಖ್ಯ. ಡಿಲೀಟ್ ಅಥವಾ ಎಫ್2 ಕೀಲಿಯಿಂದ ಬಯೋಸ್ ಪ್ರವೇಶಿಸಿ, ಪ್ರತಿ ಪುಟದ ಚಿತ್ರವನ್ನೂ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಇತ್ತೀಚಿನ ಹಲವು ಬೋರ್ಡ್‌ಗಳು ಸೆಟ್ಟಿಂಗ್‌ಗಳನ್ನು ಫ್ಲ್ಯಾಷ್ ಸ್ಮೃತಿಯಲ್ಲಿಡುತ್ತವಾದರೂ ಬ್ಯಾಟರಿ ತೆಗೆದೊಡನೆ ಮೂಲಸ್ಥಿತಿಗೆ ಮರಳುವ ಬೋರ್ಡ್‌ಗಳೂ ಇವೆ. ಅದರಲ್ಲೂ ಹಾರ್ಡ್‌ಡಿಸ್ಕಿನ ಸಾಟಾ ವಿಧಾನ ಎಎಚ್‌ಸಿಐ ಎಂದಿದೆಯೋ, ಐಡಿಇ ಅಥವಾ ರೇಡ್ ಎಂದಿದೆಯೋ ಎಂಬುದನ್ನು ತಪ್ಪದೇ ಗುರುತು ಮಾಡಿಕೊಳ್ಳಿ. ಅದು ಬದಲಾದರೆ ವಿಂಡೋಸ್ ನೀಲಿ ತೆರೆ ತೋರಿಸಿ ನಿಂತುಬಿಡಬಹುದು. ಆಗ ಕಡತಗಳೆಲ್ಲ ಕ್ಷೇಮವಾಗಿದ್ದರೂ, ತಿಳಿಯದೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಿ ಮದುವೆಯ ಚಿತ್ರಗಳನ್ನೋ ವರ್ಷಗಳ ಲೆಕ್ಕವನ್ನೋ ಕಳೆದುಕೊಳ್ಳುವ ಅಪಾಯವಿದೆ. ಬಿಟ್‌ಲಾಕರ್ ಬಳಸುವವರು 48 ಅಂಕಿಗಳ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಉಳಿದದ್ದು ಹತ್ತು ನಿಮಿಷದ ಕೆಲಸ. ಗಣಕವನ್ನು ಆರಿಸಿ ಪ್ಲಗ್ ಕಿತ್ತುಬಿಡಿ. ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಹರಿಯಬಿಡಿ. ಪಕ್ಕದ ಬಾಗಿಲು ತೆಗೆದು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿದರೆ ಮೈಯ ಸ್ಥಿರ ವಿದ್ಯುತ್ ಇಳಿಯುತ್ತದೆ. ಬ್ಯಾಟರಿ ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿ ಅಡಗಿರುವುದೂ ಉಂಟು. ಪ್ಲಸ್ ಚಿಹ್ನೆ ಯಾವ ಕಡೆಗಿದೆಯೆಂದು ನೋಡಿಕೊಂಡು, ಅಂಚಿನ ಲೋಹದ ಕೊಂಡಿಯನ್ನು ಉಗುರಿನಿಂದಲೋ ಪ್ಲಾಸ್ಟಿಕ್ ಕಡ್ಡಿಯಿಂದಲೋ ಹಿಂದೆ ಸರಿಸಿದರೆ ಬ್ಯಾಟರಿ ತಾನೇ ಚಿಮ್ಮುತ್ತದೆ. ಸ್ಕ್ರೂಡ್ರೈವರ್‌ನಿಂದ ಮೀಟಿ ಬೋರ್ಡಿಗೆ ಗೀರು ಹಾಕಬೇಡಿ. ಹೊಸದನ್ನು ಒಣಬಟ್ಟೆಯಿಂದ ಒರೆಸಿ ಅದೇ ದಿಕ್ಕಿನಲ್ಲಿ ಕೂರಿಸಿ.

ಅಂಗಡಿಯವರು ಸಿಆರ್2025 ಕೊಟ್ಟು 'ಎರಡೂ ಒಂದೇ' ಎಂದರೆ ಒಪ್ಪಬೇಡಿ. ವೋಲ್ಟೇಜ್ ಒಂದೇ ಆದರೂ ಅದು ತೆಳು. ಸಡಿಲವಾಗಿ ಕೂರುತ್ತದೆ, ಬೇಗ ಮುಗಿಯುತ್ತದೆ. ಎಲ್‌ಐಆರ್2032 ಎಂಬುದು ಮರುಚಾರ್ಜಿನ ಬ್ಯಾಟರಿ. ಅದರ ವೋಲ್ಟೇಜ್ ಹೆಚ್ಚಾದ್ದರಿಂದ ಇಲ್ಲಿಗೆ ಸಲ್ಲದು.

ಚಾಲೂ ಮಾಡಿ ಮತ್ತೆ ಬಯೋಸ್‌ಗೆ ಹೋಗಿ ದಿನಾಂಕ, ವೇಳೆಗಳನ್ನು ತುಂಬಿ, ಚಿತ್ರಗಳನ್ನು ನೋಡಿ ಹಳೆಯ ಸೆಟ್ಟಿಂಗ್‌ಗಳನ್ನು ಮರಳಿಸಿ ಉಳಿಸಿ. ಒಂದು ರಾತ್ರಿ ಪ್ಲಗ್ ಕಿತ್ತಿಟ್ಟು ಮರುದಿನ ನೋಡಿದಾಗ ವೇಳೆ ಸರಿಯಿದ್ದರೆ ಕೆಲಸ ಮುಗಿದಂತೆ. ಆಗಲೂ ತಪ್ಪಿದರೆ ಬ್ಯಾಟರಿಯ ಹಿಡಿಕೆ ಅಥವಾ ಬೋರ್ಡಿನಲ್ಲೇ ದೋಷವಿದೆ. ಅಂಗಡಿಗೆ ಹೋಗಬೇಕಾದದ್ದು ಆಗ.

ಕಳಚಿದ ಬ್ಯಾಟರಿಯನ್ನು ಮೇಜಿನ ಮೇಲೆ ಮರೆತುಬಿಡಬೇಡಿ. ಗಣಕಕ್ಕೆ ಸಾಲದಾದ ಆ ಬಿಲ್ಲೆಯಲ್ಲಿ ಮಗುವಿನ ಜೀವಕ್ಕೆ ಕುತ್ತು ತರುವಷ್ಟು ಶಕ್ತಿ ಇನ್ನೂ ಇರುತ್ತದೆ. ನುಂಗಿದಾಗ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ತೀವ್ರ ಸುಟ್ಟಗಾಯವಾಗಬಲ್ಲದು. ಮಗು ನುಂಗಿರುವ ಶಂಕೆ ಬಂದರೆ ವಾಂತಿ ಮಾಡಿಸದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಹಳೆಯ ಬ್ಯಾಟರಿಯ ಎರಡೂ ಮುಖಕ್ಕೆ ಟೇಪ್ ಅಂಟಿಸಿ ಎತ್ತರದಲ್ಲಿಟ್ಟು, ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇದನ್ನು ಮನೆಯ ಇತರ ಕಸದೊಂದಿಗೆ ಬೆರೆಸುವಂತಿಲ್ಲ.